ಕೇಳದೆ ಬರುವ ಮೇಲ್, ಚದುರಿಹೋದ ಕಾನೂನು

ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಸೀರೆಗೆ ಬಿಲ್ ಹಾಕಿಸುವಾಗ, ಇಂದಿರಾನಗರದ ನೂರಡಿ ರಸ್ತೆಯ ಚಪ್ಪಲಿ ಮಳಿಗೆಯಲ್ಲಿ ಕಾರ್ಡು ಉಜ್ಜುವಾಗ, ಹಲಸೂರಿನ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಆರಿಸಿದ ಮೇಲೆ, ಕೆ.ಆರ್. ಪುರದ ಜಿಮ್ಮಿನಲ್ಲಿ ಒಂದು ದಿನದ ಉಚಿತ ಪ್ರವೇಶಕ್ಕೆ ಹೆಸರು ಬರೆಸುವಾಗ ಗ್ರಾಹಕರಿಗೆ ಎದುರಾಗುವ ಮಾತು ಹೆಚ್ಚುಕಡಿಮೆ ಒಂದೇ: 'ಮೊಬೈಲ್ ನಂಬರ್ ಹೇಳಿ ಮೇಡಂ, ಮೇಲ್ ಐಡಿ ಇದ್ರೆ ಅದನ್ನೂ ಹೇಳ್ಬಿಡಿ.' ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಕೌಂಟರಿನಲ್ಲಿ ಕುಳಿತವರ ಬೆರಳು ಕೀಲಿಮಣೆಯ ಮೇಲೆ ಸಿದ್ಧವಾಗಿರುತ್ತದೆ, ಯಾತಕ್ಕೆ ಬೇಕು ಎಂದು ವಿಚಾರಿಸುವಷ್ಟು ಪುರುಸೊತ್ತು ಎರಡೂ ಕಡೆಯವರಿಗೆ ಇರುವುದಿಲ್ಲ. ವಾರ ಕಳೆಯುವುದರೊಳಗೆ ಆ ವಿಳಾಸಕ್ಕೆ ಹಬ್ಬದ ರಿಯಾಯಿತಿಯ ಮೇಲ್‌ಗಳು ಬರತೊಡಗುತ್ತವೆ. ಕೆಲವು ತಿಂಗಳಲ್ಲಿ, ಗ್ರಾಹಕರು ಹೆಸರೇ ಕೇಳಿರದ ಲೇಔಟಿನ ನಿವೇಶನ, ವೈಯಕ್ತಿಕ ಸಾಲ, ಕೋಚಿಂಗ್ ತರಗತಿಗಳ ಪ್ರಚಾರವೂ ಅದೇ ವಿಳಾಸವನ್ನು ಹುಡುಕಿಕೊಂಡು ಬರುತ್ತದೆ.

ಫೋನಿಗೆ ಬರುವ ಜಾಹೀರಾತು ಕರೆ ಮತ್ತು ಎಸ್ಸೆಮ್ಮೆಸ್‌ಗಳನ್ನು ತಡೆಯಲು 'ಡಿಎನ್‌ಡಿ' ಎಂಬ ಏರ್ಪಾಡು ಇದೆ ಎಂಬುದು ಬಹುಪಾಲು ಜನರಿಗೆ ಗೊತ್ತಿದ್ದು, ಇಮೇಲ್‌ಗೂ ಅಂಥದ್ದೊಂದು ಇದ್ದೇ ಇರಬೇಕೆಂದು ಅವರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಮಾರಾಟದ ಇಮೇಲ್ ಅನ್ನು ಹೆಸರಿಸಿ ನಿಯಂತ್ರಿಸುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಂದಿಗೂ ಇಲ್ಲ. ಇರುವುದು ಮಾಹಿತಿ ತಂತ್ರಜ್ಞಾನ, ದೂರಸಂಪರ್ಕ, ಗ್ರಾಹಕ ರಕ್ಷಣೆ, ದತ್ತಾಂಶ ರಕ್ಷಣೆ ಎಂಬ ಬೇರೆ ಬೇರೆ ಕಾನೂನುಗಳಲ್ಲಿ ಚದುರಿದ ತುಣುಕುಗಳು. ಅವುಗಳನ್ನು ಒಂದೆಡೆ ಜೋಡಿಸಿ ನೋಡಿದಾಗಲೇ ಶಿವಾಜಿನಗರದ ಅಂಗಡಿಯವರು ಏನು ಮಾಡಬಹುದು, ಏನು ಮಾಡಬಾರದು ಎಂಬುದೂ, ನಗರದ ಪೂರ್ವ ಭಾಗದ ಟೆಕ್ ಪಾರ್ಕಿನಲ್ಲಿ ಕುಳಿತು ಹೊರದೇಶದ ಗ್ರಾಹಕರಿಗೆ ಮೇಲ್ ಕಳಿಸುವ ಕಂಪನಿ ಯಾವ ದೇಶದ ಕಾನೂನಿಗೆ ಉತ್ತರ ಹೇಳಬೇಕು ಎಂಬುದೂ ತಿಳಿಯುತ್ತದೆ.

ಕಳಿಸುವವರಿಗೆ ಅಗ್ಗ, ಪಡೆಯುವವರಿಗೆ ಹೊರೆ

ಪಡೆಯುವವರ ಒಪ್ಪಿಗೆಯಿಲ್ಲದೆ, ರಾಶಿ ರಾಶಿಯಾಗಿ, ಸಾಮಾನ್ಯವಾಗಿ ಏನನ್ನಾದರೂ ಮಾರುವ ಉದ್ದೇಶದಿಂದ ಕಳಿಸುವ ಸಂದೇಶಕ್ಕೆ ಸ್ಪ್ಯಾಮ್ ಎನ್ನುತ್ತಾರೆ. ಇದರ ಮೊದಲ ನಿದರ್ಶನವೆಂದು ಸಾಮಾನ್ಯವಾಗಿ ಹೇಳುವುದು 1978ರ ಮೇ 3ರ ಘಟನೆಯನ್ನು. ಅಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬವರು, ಇಂಟರ್ನೆಟ್ಟಿನ ಪೂರ್ವರೂಪವಾದ ಆರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬರುವಂತೆ ಒಂದೇ ಸಂದೇಶ ಕಳಿಸಿದರು. ಕಂಪನಿಗೆ ವ್ಯಾಪಾರ ದಕ್ಕಿತು, ಜಾಲದ ಆಡಳಿತಗಾರರಿಂದ ಛೀಮಾರಿಯೂ ದಕ್ಕಿತು. ಮಾರಾಟ ಮತ್ತು ಸಿಟ್ಟು ಒಟ್ಟೊಟ್ಟಿಗೆ ಹುಟ್ಟುವ ಈ ಸ್ವಭಾವ ಸ್ಪ್ಯಾಮಿಗೆ ಅಂದಿನಿಂದಲೂ ಅಂಟಿಕೊಂಡಿದೆ.

ಬೆಂಗಳೂರಿನ ಕಂಟೋನ್ಮೆಂಟಿಗೆ ದೂರದೇಶದ ಕಂಪ್ಯೂಟರಿನೊಡನೆ ಮಾತಾಡುವ ಸಂಪರ್ಕ ಬಹಳ ಬೇಗ ಒದಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ಕಚೇರಿ ತೆರೆದು, ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಿಂದ ಉಪಗ್ರಹದ ಮೂಲಕ ಅಮೆರಿಕಕ್ಕೆ ದತ್ತಾಂಶ ಕಳಿಸತೊಡಗಿತು. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು ಅದಾಗಿ ಹತ್ತು ವರ್ಷಗಳ ಮೇಲೆ, 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸೇವೆ ಆರಂಭಿಸಿದಾಗ. ಇಂದು ದೊಮ್ಮಲೂರಿನಿಂದ ಹಳೆ ಮದ್ರಾಸು ರಸ್ತೆಯುದ್ದಕ್ಕೂ ಕೆ.ಆರ್. ಪುರದವರೆಗೆ ಹರಡಿರುವ ಕಚೇರಿಗಳಲ್ಲಿ ಮೇಲ್ ಮೂಲಕ ಮಾರಾಟ ಮಾಡುವುದು, ಅದಕ್ಕೆ ಬೇಕಾದ ತಂತ್ರಾಂಶ ಬರೆಯುವುದು, ಬೇರೆ ಕಂಪನಿಗಳ ಪರವಾಗಿ ಅದನ್ನು ನಡೆಸಿಕೊಡುವುದು ಸಾವಿರಾರು ಜನರ ದಿನನಿತ್ಯದ ಕೆಲಸವಾಗಿದೆ.

ಕಾನೂನು ಇದರಲ್ಲಿ ಕೈಹಾಕಬೇಕಾದ ಕಾರಣ ಖರ್ಚಿನ ಲೆಕ್ಕದಲ್ಲಿದೆ. ದಿನಪತ್ರಿಕೆಯ ಮಡಿಕೆಯಲ್ಲಿ ಇಟ್ಟು ಹಂಚುವ ಕರಪತ್ರದಲ್ಲಿ ಒಂದೊಂದು ಹಾಳೆಗೂ ಅಂಗಡಿಯವರೇ ಮುದ್ರಣದ ದುಡ್ಡು, ಹಂಚುವವರ ಕೂಲಿ ಕೊಡಬೇಕಾಗುವುದರಿಂದ, ಅದು ಎಷ್ಟು ಮನೆಗೆ ಹೋಗಬಹುದು ಎಂಬುದಕ್ಕೆ ಅವರ ಜೇಬೇ ಮಿತಿ ಹಾಕುತ್ತದೆ. ಇಮೇಲ್‌ನಲ್ಲಿ ಆ ಮಿತಿ ಇಲ್ಲ. ಹೆಚ್ಚುವರಿಯಾಗಿ ಕಳಿಸುವ ಒಂದೊಂದು ಮೇಲ್‌ಗೂ ತಗಲುವ ಖರ್ಚು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದನ್ನು ಸಂಗ್ರಹಿಸಿಡುವ ಸರ್ವರಿನ ವೆಚ್ಚ, ಸೋಸುವ ತಂತ್ರಾಂಶದ ವೆಚ್ಚ, ಅಳಿಸಲು ಹಿಡಿಯುವ ಸಮಯ, ಆಸ್ಪತ್ರೆಯ ವರದಿಯೋ ಸಂದರ್ಶನದ ಕರೆಯೋ ಆ ರಾಶಿಯಲ್ಲಿ ಹೂತುಹೋಗುವ ನಷ್ಟ, ಇವೆಲ್ಲವೂ ಪಡೆಯುವವರ ಪಾಲಿಗೆ ಬೀಳುತ್ತವೆ. ಖರ್ಚು ಹೊರುವವರಿಗೆ ಬೇಡ ಎನ್ನುವ ಅಧಿಕಾರ ಇರಬೇಕು ಎಂಬುದೇ ಜಗತ್ತಿನ ಎಲ್ಲ ಸ್ಪ್ಯಾಮ್ ವಿರೋಧಿ ಕಾನೂನುಗಳ ತಳಹದಿ.

ಬಿದ್ದುಹೋದ ಒಂದು ಉಪಕಲಂ

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಾಗ ಅದರಲ್ಲಿ ಸ್ಪ್ಯಾಮಿನ ಪ್ರಸ್ತಾಪ ಇರಲಿಲ್ಲ. 2008ರ ತಿದ್ದುಪಡಿಯ ಮೂಲಕ ಸೇರಿ 2009ರ ಅಕ್ಟೋಬರಿನಲ್ಲಿ ಜಾರಿಯಾದ 66ಎ ಕಲಂನ ಮೂರನೆಯ ಭಾಗದಲ್ಲಿ ಮಾತ್ರ, ಕಿರಿಕಿರಿ ಅಥವಾ ಅನನುಕೂಲ ಉಂಟುಮಾಡುವ ಉದ್ದೇಶದಿಂದ, ಇಲ್ಲವೇ ಸಂದೇಶ ಎಲ್ಲಿಂದ ಬಂತು ಎಂಬುದರ ಬಗ್ಗೆ ಪಡೆಯುವವರನ್ನು ದಾರಿತಪ್ಪಿಸುವ ಉದ್ದೇಶದಿಂದ ಇಮೇಲ್ ಕಳಿಸುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಹುದಾದ ಅಪರಾಧವಾಯಿತು. ಸ್ಪ್ಯಾಮಿಗೆ ಅತ್ಯಂತ ಹತ್ತಿರ ಬಂದ ಭಾರತದ ಕಾನೂನಿನ ಮಾತು ಅದೊಂದೇ.

ಆದರೆ ಅದೇ ಕಲಂನ ಉಳಿದ ಭಾಗಗಳ ಅಸ್ಪಷ್ಟ ಪದಗಳನ್ನು ಹಿಡಿದು, ಸಾಮಾಜಿಕ ಮಾಧ್ಯಮದಲ್ಲಿ ಅಭಿಪ್ರಾಯ ಬರೆದವರನ್ನು ಬಂಧಿಸುವ ಪ್ರಕರಣಗಳು ದೇಶದ ಹಲವೆಡೆ ನಡೆದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ. ಚಲಮೇಶ್ವರ್ ಮತ್ತು ಆರ್.ಎಫ್. ನರಿಮನ್ ಅವರ ಪೀಠ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಇಡೀ 66ಎ ಕಲಂ ಅನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ದೃಷ್ಟಿಯಿಂದ ಆ ತೀರ್ಪು ಅಗತ್ಯವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಅನುಮಾನ ಇರುವುದು ಆನಂತರದ ಮೌನದ ಬಗ್ಗೆ: ಕಲಂ ಹೋದಾಗ ಅದರೊಳಗಿದ್ದ ಇಮೇಲ್‌ನ ಮಾತೂ ಹೋಯಿತು, ಮಾರಾಟದ ಮೇಲ್‌ಗೆ ಮಾತ್ರ ಅನ್ವಯಿಸುವಂತೆ ಬಿಗಿಯಾಗಿ ಬರೆದ ಹೊಸ ಕಲಂ ಅದರ ಜಾಗಕ್ಕೆ ಬರಲಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಮೇಲ್ ಕಳಿಸಿ ವಂಚಿಸಿದರೆ 66ಡಿ ಕಲಂ ಈಗಲೂ ಅನ್ವಯಿಸುತ್ತದೆ, ಮೂರು ವರ್ಷಗಳವರೆಗೆ ಶಿಕ್ಷೆ ಇದೆ. ಆದರೆ ವಂಚನೆಯಿಲ್ಲದ, ಸುಮ್ಮನೆ ಪೀಡಿಸುವ ಮಾರಾಟದ ಮೇಲ್ ಆ ಕಲಂನ ವ್ಯಾಪ್ತಿಗೆ ಬರುವುದಿಲ್ಲ.

ಫೋನಿಗಿರುವ ಕಾವಲು

ಫೋನಿನ ಕಥೆ ಬೇರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲಿ ಮೊದಲ ನಿಯಮಾವಳಿ ತಂದು 'ಕರೆ ಬೇಡ' ಎನ್ನುವವರ ರಾಷ್ಟ್ರೀಯ ಪಟ್ಟಿಯನ್ನು ಆರಂಭಿಸಿತು. 2010ರಲ್ಲಿ ಅದನ್ನು ಬಿಗಿಗೊಳಿಸಿ, 2018ರ ಜುಲೈ 19ರಂದು ಈಗ ಚಾಲ್ತಿಯಲ್ಲಿರುವ ನಿಯಮಾವಳಿಯನ್ನು ಹೊರಡಿಸಿತು. ಇದರ ಪ್ರಕಾರ ವಾಣಿಜ್ಯ ಎಸ್ಸೆಮ್ಮೆಸ್ ಕಳಿಸಬಯಸುವ ಪ್ರತಿಯೊಂದು ಸಂಸ್ಥೆಯೂ ಮೊಬೈಲ್ ಕಂಪನಿಗಳು ಹಂಚಿಕೊಂಡು ನಡೆಸುವ, ತಿದ್ದಲಾಗದ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಕಳಿಸುವ ಹೆಸರನ್ನೂ ಸಂದೇಶದ ಮಾದರಿ ವಾಕ್ಯವನ್ನೂ ಮೊದಲೇ ಮಂಜೂರು ಮಾಡಿಸಿಕೊಳ್ಳಬೇಕು. ಮಾದರಿಗೆ ಹೊಂದದ ಸಂದೇಶ ದಾರಿಯಲ್ಲೇ ತಡೆಹಿಡಿಯಲ್ಪಡುತ್ತದೆ.

ಆ ಸೋಸುವಿಕೆ ಎಷ್ಟು ಕಟ್ಟುನಿಟ್ಟೆಂಬುದು 2021ರ ಮಾರ್ಚ್ 8ರಂದು ಇಡೀ ದೇಶಕ್ಕೆ ಗೊತ್ತಾಯಿತು. ಅಂದು ವ್ಯವಸ್ಥೆ ಪೂರ್ಣವಾಗಿ ಜಾರಿಯಾಗುತ್ತಿದ್ದಂತೆ, ಮಾದರಿಗಳನ್ನು ನೋಂದಾಯಿಸದಿದ್ದ ಬ್ಯಾಂಕು ಮತ್ತು ಇತರ ಸಂಸ್ಥೆಗಳ ಒಟಿಪಿಗಳು ತಲುಪದೆ ಹಣ ಪಾವತಿಗಳು ನಿಂತವು. ಮರುದಿನವೇ ಟ್ರಾಯ್ ಆ ಸೋಸುವಿಕೆಯನ್ನು ಏಳು ದಿನಗಳ ಮಟ್ಟಿಗೆ ತಡೆಹಿಡಿಯಬೇಕಾಯಿತು. 2025ರ ಫೆಬ್ರವರಿಯ ತಿದ್ದುಪಡಿಯ ಮೇಲೆ ದೂರು ಕೊಡುವ ಅವಧಿ ಮೂರು ದಿನದಿಂದ ಏಳು ದಿನಕ್ಕೆ ಏರಿತು, ಮತ್ತು ಕಳಿಸುವವರ ಹೆಸರಿನ ಕೊನೆಗೆ ಒಂದು ಗುರುತಿನ ಅಕ್ಷರ ಸೇರಿತು. ಈಗ ಬರುವ ಎಸ್ಸೆಮ್ಮೆಸ್ಸಿನ ತಲೆಬರಹದಲ್ಲಿ ಮೊದಲ ಅಕ್ಷರ ಮೊಬೈಲ್ ಕಂಪನಿಯದು, ಎರಡನೆಯದು ಸೇವಾ ವಲಯದ್ದು (ಕರ್ನಾಟಕಕ್ಕೆ ಎಕ್ಸ್), ನಡುವೆ ಸಂಸ್ಥೆಯ ಹೆಸರು, ಕೊನೆಯಲ್ಲಿ ಪ್ರಚಾರವಾದರೆ ಪಿ, ಸೇವೆಯಾದರೆ ಎಸ್, ವ್ಯವಹಾರದ ಮಾಹಿತಿಯಾದರೆ ಟಿ, ಸರ್ಕಾರದ್ದಾದರೆ ಜಿ. ಸಂದೇಶ ತೆರೆಯುವ ಮೊದಲೇ ಅದು ಮಾರಾಟವೋ ಮಾಹಿತಿಯೋ ಎಂದು ಓದುಗರು ತಿಳಿಯಬಹುದು. 1909ಕ್ಕೆ ದೂರು ಕೊಡಬಹುದು.

ಇಷ್ಟೊಂದು ಅಚ್ಚುಕಟ್ಟು ಇಮೇಲ್‌ಗೆ ಯಾಕೆ ಬರಲಿಲ್ಲ ಎಂದರೆ, ಎಸ್ಸೆಮ್ಮೆಸ್ ಸಾಗುವ ದಾರಿ ಪರವಾನಗಿ ಪಡೆದ ಕೆಲವೇ ಕಂಪನಿಗಳ ಕೈಯಲ್ಲಿದೆ, ಇಮೇಲ್ ಸಾಗುವ ದಾರಿಗೆ ಒಡೆಯರಿಲ್ಲ. ಯಾವ ದೇಶದ ಯಾವ ಸರ್ವರಿನಿಂದಲಾದರೂ ಮೇಲ್ ಹೊರಡಬಹುದು. ಅದನ್ನು ಸಾಗಿಸುವ ಮೂಲ ತಾಂತ್ರಿಕ ಕ್ರಮ 1982ರಲ್ಲಿ ರೂಪುಗೊಂಡಾಗ, ಜಾಲದಲ್ಲಿದ್ದವರು ಬಹುಮಟ್ಟಿಗೆ ಪರಸ್ಪರ ಪರಿಚಿತ ಸಂಶೋಧಕರಾಗಿದ್ದುದರಿಂದ, ಕಳಿಸಿದವರ ವಿಳಾಸ ನಿಜವೇ ಎಂದು ಪರೀಕ್ಷಿಸುವ ಏರ್ಪಾಡನ್ನೇ ಅದರಲ್ಲಿ ಇಡಲಿಲ್ಲ. 2023ರ ದೂರಸಂಪರ್ಕ ಕಾಯ್ದೆಯ 28ನೆಯ ಕಲಂ ಜಾಹೀರಾತಿನ ಸಂದೇಶಗಳಿಗೆ ಪೂರ್ವಸಮ್ಮತಿ ಕಡ್ಡಾಯ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅಲ್ಲಿ ಸಂದೇಶ ಎಂಬುದರ ವ್ಯಾಖ್ಯಾನ ಇಮೇಲ್ ಅನ್ನೂ ಒಳಗೊಳ್ಳುತ್ತದೆಂದು ವಾದಿಸುವಷ್ಟು ವಿಶಾಲವಾಗಿದೆ. ಆದರೂ ಮೇಲ್‌ಗೆಂದೇ 'ಬೇಡ' ಎನ್ನುವವರ ಪಟ್ಟಿಯೊಂದು ತೆರೆದಿಲ್ಲ.

ಪೂರ್ವ ಬೆಂಗಳೂರಿನಲ್ಲಿ ಹೊರದೇಶದ ಕಾನೂನು

ಹೊರದೇಶದ ಗ್ರಾಹಕರಿಗೆ ಮೇಲ್ ಕಳಿಸುವ ಬೆಂಗಳೂರಿನ ಕಂಪನಿಗೆ ಈ ನಿರಾಳ ಇಲ್ಲ, ಏಕೆಂದರೆ ಸ್ಪ್ಯಾಮ್ ಕಾನೂನುಗಳು ಸಾಮಾನ್ಯವಾಗಿ ಕಳಿಸಿದವರ ಊರಿಗಿಂತ ಪಡೆಯುವವರ ಊರನ್ನು ನೋಡುತ್ತವೆ. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆಗೆ 2003ರ ಡಿಸೆಂಬರ್ 16ರಂದು ಅಧ್ಯಕ್ಷರ ಸಹಿ ಬಿದ್ದು, 2004ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಮೊದಲ ಮೇಲ್ ಕಳಿಸಲು ಆ ಕಾಯ್ದೆ ಒಪ್ಪಿಗೆ ಕೇಳುವುದಿಲ್ಲ. ಬೇಡವೆಂದ ಮೇಲೆ ನಿಲ್ಲಿಸಬೇಕೆಂದು ಮಾತ್ರ ಹೇಳುತ್ತದೆ. ಕೆನಡಾದಲ್ಲಿ 2014ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಇದಕ್ಕೆ ತದ್ವಿರುದ್ಧ: ಮೊದಲು ಒಪ್ಪಿಗೆ, ಆಮೇಲೆ ಮೇಲ್. ಅಲ್ಲಿ ಖರೀದಿ ಮಾಡಿದವರ ಒಪ್ಪಿಗೆ ಇದೆಯೆಂದು ಎರಡು ವರ್ಷದವರೆಗೆ, ಬರೀ ವಿಚಾರಿಸಿ ಹೋದವರ ಒಪ್ಪಿಗೆ ಇದೆಯೆಂದು ಆರು ತಿಂಗಳವರೆಗೆ ಭಾವಿಸಬಹುದು. ಅದಾದ ಮೇಲೆ ಸ್ಪಷ್ಟವಾಗಿ ಕೇಳಲೇಬೇಕು. ತಪ್ಪಿದ ಕಂಪನಿಗೆ ಒಂದು ಕೋಟಿ ಕೆನಡಾ ಡಾಲರ್‌ವರೆಗೆ ದಂಡ ಬೀಳಬಹುದು.

ಯುರೋಪ್ ಒಕ್ಕೂಟವೂ ಪೂರ್ವಸಮ್ಮತಿಯ ಪಕ್ಷದಲ್ಲಿದ್ದು, ಈಗಾಗಲೇ ಖರೀದಿಸಿದ ಗ್ರಾಹಕರಿಗೆ ಅದೇ ಬಗೆಯ ಸರಕಿನ ಬಗ್ಗೆ ಬರೆಯಲು ಮಾತ್ರ ಸಡಿಲಿಕೆ ಕೊಡುತ್ತದೆ, ಅದೂ ಪ್ರತಿ ಮೇಲ್‌ನಲ್ಲೂ ನಿರಾಕರಿಸುವ ಅವಕಾಶ ಇಟ್ಟರೆ. 2018ರ ಮೇ 25ರಿಂದ ಅಲ್ಲಿ ಜಾರಿಯಾದ ದತ್ತಾಂಶ ರಕ್ಷಣಾ ನಿಯಮದ ದಂಡ ಎರಡು ಕೋಟಿ ಯೂರೋ ಅಥವಾ ಕಂಪನಿಯ ಜಾಗತಿಕ ವಹಿವಾಟಿನ ಶೇ 4, ಯಾವುದು ಹೆಚ್ಚೋ ಅಷ್ಟರವರೆಗೆ ಹೋಗಬಹುದು. ಆಸ್ಟ್ರೇಲಿಯಾದಲ್ಲಿ ಬೇಡವೆಂದ ಐದು ಕೆಲಸದ ದಿನಗಳಲ್ಲಿ ನಿಲ್ಲಿಸಬೇಕು. ಅಮೆರಿಕ, ಕೆನಡಾಗಳಲ್ಲಿ ಹತ್ತು.

ಹೊರದೇಶದ ಕಂಪನಿಯ ಪರವಾಗಿ, ಆ ಕಂಪನಿಯ ಗ್ರಾಹಕರಿಗೆ ಮೇಲ್ ಕಳಿಸಿಕೊಡುವ ಗುತ್ತಿಗೆ ಕಚೇರಿಗಳ ಸ್ಥಿತಿ ಗಮನಿಸಬೇಕಾದದ್ದು. ಭಾರತದಲ್ಲಿಲ್ಲದ ಜನರ ದತ್ತಾಂಶವನ್ನು ಹೊರದೇಶದವರೊಂದಿಗಿನ ಒಪ್ಪಂದದ ಮೇರೆಗೆ ಇಲ್ಲಿ ಸಂಸ್ಕರಿಸುವ ಕೆಲಸಕ್ಕೆ ಭಾರತದ ಹೊಸ ದತ್ತಾಂಶ ರಕ್ಷಣಾ ಕಾಯ್ದೆಯ (ಅದರ ವಿವರ ಮುಂದಿದೆ) 17ನೆಯ ಕಲಂ ಹೆಚ್ಚಿನ ಹೊಣೆಗಳಿಂದ ವಿನಾಯಿತಿ ಕೊಟ್ಟಿದೆ, ಸುರಕ್ಷತೆಯ ಹೊಣೆ ಮಾತ್ರ ಉಳಿಯುತ್ತದೆ. ಅಂದರೆ ಅಂಥ ಕಚೇರಿಯಲ್ಲಿ ಪಾಳಿಯ ಮೇಲೆ ದುಡಿಯುವವರು ದಿನವೂ ಪಾಲಿಸುವುದು ಬಹುಮಟ್ಟಿಗೆ ಅಮೆರಿಕದ ಇಲ್ಲವೇ ಯುರೋಪಿನ ಕಾನೂನನ್ನು. ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ ಎಂಬುದೂ ಅಮೆರಿಕದ ಕಾನೂನಿನ ಸ್ಪಷ್ಟ ನಿಲುವು: ಯಾರ ಸರಕಿನ ಪ್ರಚಾರವೋ ಅವರೂ, ಮೇಲ್ ಕಳಿಸಿದವರೂ ಉತ್ತರಿಸಬೇಕಾಗಬಹುದು.

ಒಂದು ಮೇಲ್‌ನ ಅಂಗಾಂಗ

ಕಾನೂನಿಗೆ ಒಪ್ಪುವ ಮಾರಾಟದ ಮೇಲ್ ಹೇಗಿರುತ್ತದೆ ಎಂಬುದನ್ನು ತಲೆಯಿಂದ ಕೆಳಗೆ ನೋಡುತ್ತ ಹೋದರೆ ಅರ್ಥವಾಗುತ್ತದೆ. ಮೇಲ್ಭಾಗದಲ್ಲಿ ಕಳಿಸಿದವರ ಹೆಸರು ಮತ್ತು ವಿಳಾಸ ಇರುತ್ತದೆ. ಅದು ನಿಜವಾಗಿ ಕಳಿಸಿದ ಸಂಸ್ಥೆಯದ್ದೇ ಆಗಿರಬೇಕು. ಅದರ ಕೆಳಗಿನ ವಿಷಯದ ಸಾಲು ಒಳಗಿರುವ ವಿಚಾರವನ್ನೇ ಹೇಳಬೇಕು: ಹಿಂದೆ ಮಾತುಕತೆ ನಡೆದೇ ಇಲ್ಲದಿದ್ದರೂ ಉತ್ತರವೆಂಬಂತೆ 'ರೀ' ಎಂದು ಆರಂಭಿಸುವುದು, ಬಿಲ್ ಬಾಕಿಯಿದೆ ಎಂದು ಹೆದರಿಸಿ ಒಳಗೆ ಸಾಲದ ಜಾಹೀರಾತು ಇಡುವುದು ದಾರಿತಪ್ಪಿಸುವ ಸಾಲುಗಳಾಗುತ್ತವೆ. ಇದು ಜಾಹೀರಾತು ಎಂಬುದು ಓದುವವರಿಗೆ ಎಲ್ಲಾದರೂ ಸ್ಪಷ್ಟವಾಗಿ ಕಾಣಬೇಕು.

ಹೆಚ್ಚಿನವರು ಓದದೇ ಬಿಡುವ ಕೊನೆಯ ಬೂದುಬಣ್ಣದ ಸಣ್ಣ ಅಕ್ಷರಗಳಲ್ಲೇ ಕಾನೂನಿನ ಹೆಚ್ಚಿನ ಭಾಗ ಅಡಗಿದೆ. ಅಮೆರಿಕದ ಕಾನೂನಿನಂತೆ ಅಲ್ಲಿ ಕಳಿಸಿದವರ ನಿಜವಾದ ಅಂಚೆ ವಿಳಾಸ ಇರಬೇಕು. ಅಂಚೆ ಕಚೇರಿಯಲ್ಲಿ ನೋಂದಾಯಿಸಿದ ಪೆಟ್ಟಿಗೆಯ ವಿಳಾಸವಾದರೂ ಆದೀತು. ಅದರ ಪಕ್ಕದಲ್ಲೇ 'ಅನ್‌ಸಬ್‌ಸ್ಕ್ರೈಬ್' ಎಂಬ ಕೊಂಡಿ ಇರಬೇಕು. ಅದನ್ನು ಒತ್ತಿದವರಿಂದ ಇಮೇಲ್ ವಿಳಾಸದ ಹೊರತು ಬೇರೇನನ್ನೂ ಕೇಳಬಾರದು, ಶುಲ್ಕ ವಿಧಿಸಬಾರದು, ಲಾಗಿನ್ ಆಗಿ ಬನ್ನಿ ಎನ್ನಬಾರದು. ಮೇಲ್ ಕಳಿಸಿದ ಕನಿಷ್ಠ 30 ದಿನಗಳವರೆಗೆ (ಕೆನಡಾದಲ್ಲಿ 60 ದಿನ) ಆ ಕೊಂಡಿ ಕೆಲಸ ಮಾಡುತ್ತಿರಬೇಕು. ಬೇಡವೆಂದವರ ವಿಳಾಸವನ್ನು ಮತ್ತೊಬ್ಬರಿಗೆ ಮಾರುವುದಂತೂ ಸಲ್ಲದು.

ಇವೆಲ್ಲ ಕಾಗದದ ಮೇಲಿನ ಸೂಚನೆಗಳಲ್ಲ ಎಂಬುದಕ್ಕೆ 2024ರ ಆಗಸ್ಟಿನ ಒಂದು ಪ್ರಕರಣ ಸಾಕ್ಷಿ. ವೆರ್ಕಾಡ ಎಂಬ ಕ್ಯಾಲಿಫೋರ್ನಿಯಾದ ಭದ್ರತಾ ಕ್ಯಾಮೆರಾ ಕಂಪನಿ ಮೂರು ವರ್ಷಗಳಲ್ಲಿ ಮೂರು ಕೋಟಿಗೂ ಹೆಚ್ಚು ಪ್ರಚಾರದ ಮೇಲ್ ಕಳಿಸಿ, ನಿರಾಕರಿಸುವ ಕೋರಿಕೆಗಳನ್ನು ಪಾಲಿಸಲಿಲ್ಲ, ಅಂಚೆ ವಿಳಾಸ ಕೊಡಲಿಲ್ಲ ಎಂಬ ಆರೋಪಕ್ಕೆ 29.5 ಲಕ್ಷ ಡಾಲರ್ ದಂಡ ಕೊಡಲು ಒಪ್ಪಬೇಕಾಯಿತು. 2025ರ ಪರಿಷ್ಕರಣೆಯಂತೆ ಅಮೆರಿಕದಲ್ಲಿ ನಿಯಮ ಮೀರಿದ ಒಂದೊಂದು ಮೇಲ್‌ಗೂ 53,088 ಡಾಲರ್‌ವರೆಗೆ ದಂಡ ಹಾಕಲು ಅವಕಾಶವಿದೆ.

ಕಾನೂನಿಗಿಂತ ಮೊದಲು ಬಂದ ಕಟ್ಟಳೆ

ಕಾನೂನು ಸುಮ್ಮನಿರುವಲ್ಲಿ ಮೇಲ್ ಸೇವೆ ಕೊಡುವ ದೊಡ್ಡ ಕಂಪನಿಗಳು ಕಟ್ಟಳೆ ಹಾಕಿವೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ರಾಶಿಯಾಗಿ ಮೇಲ್ ಕಳಿಸುವವರಿಗೆ ಷರತ್ತು ವಿಧಿಸಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಗುರುತನ್ನು ಮೂರು ತಾಂತ್ರಿಕ ವಿಧಾನಗಳಿಂದ ಸಾಬೀತುಪಡಿಸಬೇಕು. ಎಸ್‌ಪಿಎಫ್ ಎಂಬುದು ಈ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂಬ ಬಹಿರಂಗ ಪಟ್ಟಿ. ಡಿಕೆಐಎಂ ಎಂಬುದು ದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ತೋರಿಸುವ ಡಿಜಿಟಲ್ ಮೊಹರು. ಡಿಮಾರ್ಕ್ ಎಂಬುದು ಈ ಎರಡು ಪರೀಕ್ಷೆಗಳಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕೆಂದು ಆ ಹೆಸರಿನ ಒಡೆಯರು ಕೊಡುವ ಸೂಚನೆ. 1982ರಲ್ಲಿ ಬಿಟ್ಟುಹೋದ ಪರೀಕ್ಷೆಯನ್ನು ನಾಲ್ಕು ದಶಕಗಳ ಮೇಲೆ ಹೀಗೆ ತೇಪೆ ಹಚ್ಚಿ ಸೇರಿಸಲಾಗಿದೆ.

ಇದರೊಂದಿಗೆ ಒಂದೇ ಒತ್ತಿನಲ್ಲಿ ನಿರಾಕರಿಸುವ ಗುಂಡಿ ಇರಬೇಕು, ಎರಡು ದಿನದಲ್ಲಿ ಅದು ಜಾರಿಯಾಗಬೇಕು, 'ಇದು ಸ್ಪ್ಯಾಮ್' ಎಂದು ಗುರುತು ಹಾಕುವವರ ಪ್ರಮಾಣ ಶೇ 0.3 ಮುಟ್ಟಬಾರದು. ಅಂದರೆ ಸಾವಿರ ಮಂದಿಯಲ್ಲಿ ಮೂವರು ಸಿಟ್ಟಾದರೆ ಸಾಕು, ಉಳಿದ 997 ಮಂದಿಗೂ ಆ ಮಳಿಗೆಯ ಮೇಲ್ ತಲುಪುವುದು ಕಷ್ಟವಾಗುತ್ತದೆ. ವಿಳಾಸಗಳ ಪಟ್ಟಿಯನ್ನು ದುಡ್ಡು ಕೊಟ್ಟು ಕೊಳ್ಳುವ ಅಂಗಡಿಗಳು ಮೊದಲು ಮುಗ್ಗರಿಸುವುದು ಇಲ್ಲಿಯೇ. ಸತ್ತ ವಿಳಾಸಗಳು, ಸ್ಪ್ಯಾಮ್ ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳು ಅಂಥ ಪಟ್ಟಿಗಳಲ್ಲಿ ತುಂಬಿರುತ್ತವೆ. ಖಾಸಗಿ ಕಂಪನಿಗಳ ಷರತ್ತೇ ನಾಗರಿಕರ ಏಕೈಕ ರಕ್ಷಣೆಯಾಗುವುದು ಒಳ್ಳೆಯ ಸ್ಥಿತಿಯಲ್ಲ, ಏಕೆಂದರೆ ಆ ಷರತ್ತನ್ನು ಬದಲಿಸುವಾಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಕೌಂಟರಿಗೆ ಬರುವ ಹೊಸ ಕಾಯ್ದೆ

ಇನ್ನು ಮುಂದೆ ಚಿತ್ರ ಬದಲಾಗಬೇಕಾದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಿಂದ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ವ್ಯಾಪಾರಿಗಳ ಮುಖ್ಯ ಹೊಣೆಗಳು 18 ತಿಂಗಳ ಕಾಲಾವಕಾಶದ ನಂತರ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರಬೇಕಿವೆ. ಕಾಯ್ದೆಯಲ್ಲಿ ಸ್ಪ್ಯಾಮ್ ಎಂಬ ಪದ ಇಲ್ಲ. ಆದರೆ ವ್ಯಕ್ತಿಯ ಇಮೇಲ್ ವಿಳಾಸ ಅವರ ವೈಯಕ್ತಿಕ ದತ್ತಾಂಶವಾದ್ದರಿಂದ, ಅದನ್ನು ಪಡೆಯುವ ಮತ್ತು ಬಳಸುವ ಪ್ರತಿ ಅಂಗಡಿಯೂ ಇದರ ವ್ಯಾಪ್ತಿಗೆ ಬರುತ್ತದೆ.

ಸಮ್ಮತಿ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಬೇರೊಂದು ಷರತ್ತಿಗೆ ಕಟ್ಟಿಹಾಕಿದ್ದಾಗಿರಬಾರದು, ಮತ್ತು ಸ್ಪಷ್ಟವಾದ ಕ್ರಿಯೆಯ ಮೂಲಕ ವ್ಯಕ್ತವಾಗಿರಬೇಕು ಎಂದು ಆರನೆಯ ಕಲಂ ಹೇಳುತ್ತದೆ. ಮೊದಲೇ ಗುರುತು ಹಾಕಿಟ್ಟ ಚೌಕ, ಸುಮ್ಮನಿದ್ದರೆ ಒಪ್ಪಿದಂತೆ ಎಂಬ ಸಾಲು ಈ ಮಾತಿನ ಎದುರು ನಿಲ್ಲಲಾರವು. ಗ್ರಾಹಕರು ಸ್ವಯಂಪ್ರೇರಣೆಯಿಂದ ಕೊಟ್ಟ ವಿಳಾಸವನ್ನು ಕೊಟ್ಟ ಉದ್ದೇಶಕ್ಕೆ ಬಳಸಬಹುದೆಂದು ಏಳನೆಯ ಕಲಂ ಅನುಮತಿಸುತ್ತದೆ. ಅಲ್ಲಿ ಕಾಯ್ದೆಯೇ ಕೊಡುವ ಉದಾಹರಣೆ ಔಷಧ ಅಂಗಡಿಯದು. ಹಣ ಸಂದಾಯದ ರಸೀದಿ ಕಳಿಸಿ ಎಂದು ನಂಬರ್ ಕೊಟ್ಟವರಿಗೆ ಅಂಗಡಿಯವರು ರಸೀದಿ ಕಳಿಸಬಹುದು. ಅದೇ ನಂಬರಿಗೆ ಮರುವಾರ ಟಾನಿಕ್ಕಿನ ಆಫರ್ ಕಳಿಸಿದರೆ ಅದು ಕೊಟ್ಟ ಉದ್ದೇಶವಾಗುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಕೌಂಟರಿನಲ್ಲಿ ಕೇಳುವ ಒಂದೇ ಪ್ರಶ್ನೆ ಹೀಗೆ ಎರಡಾಗಿ ಸೀಳಬೇಕಾಗುತ್ತದೆ: ಬಿಲ್ಲಿಗೆ ಒಂದು, ಪ್ರಚಾರಕ್ಕೆ ಇನ್ನೊಂದು. ಬಿಲ್ ಕೊಡಲು ಮೊಬೈಲ್ ನಂಬರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಸಿತ್ತು. ಗ್ರಾಹಕರಲ್ಲಿ ಹೆಚ್ಚಿನವರಿಗೆ ಆ ವಿಷಯ ಇಂದಿಗೂ ಮುಟ್ಟಿಲ್ಲ.

ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕಾದ ಮಾತೊಂದು ಇದೇ ಕಾಯ್ದೆಯಲ್ಲಿದೆ. ಸಮ್ಮತಿ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. 2024ರ ರಾಜ್ಯದ ತಿದ್ದುಪಡಿ ಕಾಯ್ದೆಯ ಮೇಲೆ ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಬಂದಿದೆ. ಆದರೆ ಅದೇ ಅಂಗಡಿಯೊಳಗೆ ಗ್ರಾಹಕರಿಂದ ಒಪ್ಪಿಗೆ ಪಡೆಯುವ ಫಾರಮ್ಮು, ಆಪ್‌ನ ಷರತ್ತುಗಳ ಪುಟ ಬಹುತೇಕ ಇಂಗ್ಲಿಷಿನಲ್ಲೇ ಉಳಿದಿವೆ. ಓದಲಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆಯನ್ನು ತಿಳಿದು ಕೊಟ್ಟದ್ದೆಂದು ಕರೆಯಲಾಗದು. ಹಲಸೂರು, ಶಿವಾಜಿನಗರಗಳಲ್ಲಿ ಕನ್ನಡದ ಜೊತೆಗೆ ತಮಿಳು, ಉರ್ದು, ತೆಲುಗು ಮನೆಮಾತಿನವರು ತಲೆಮಾರುಗಳಿಂದ ಬಾಳುತ್ತಿದ್ದು, ಅವರಿಗೂ ಈ ಆಯ್ಕೆ ಇದೆ.

ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎಂಬುದು ಮತ್ತೊಂದು ನಿಯಮ. ಒಪ್ಪಿಗೆ ಇತ್ತೆಂದು ಸಾಬೀತುಪಡಿಸುವ ಹೊಣೆ ವ್ಯಾಪಾರಿಯದೇ. ಆದ್ದರಿಂದ ಯಾರು, ಯಾವತ್ತು, ಯಾವ ನೋಟೀಸು ಓದಿ ಒಪ್ಪಿದರು ಎಂಬ ದಾಖಲೆ ಇಲ್ಲದ ಹಳೆಯ ಪಟ್ಟಿಗಳು ಮಾರಾಟ ವಿಭಾಗಗಳಿಗೆ ದೊಡ್ಡ ತಲೆನೋವಾಗಲಿವೆ. ಮಕ್ಕಳ ವಿಷಯದಲ್ಲಿ ಕಾಯ್ದೆ ಇನ್ನೂ ಬಿಗಿ: 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿದ ಜಾಹೀರಾತು ಸಲ್ಲದು. ಹತ್ತನೆಯ ತರಗತಿಯ ಮಕ್ಕಳ ಇಮೇಲ್ ವಿಳಾಸ ಸಂಗ್ರಹಿಸಿ ನೇರವಾಗಿ ಅವರಿಗೇ ಪ್ರಚಾರ ಕಳಿಸುವ ಟ್ಯೂಷನ್ ಕೇಂದ್ರಗಳು ಈ ಸಾಲುಗಳನ್ನು ಈಗಲೇ ಓದಿಕೊಳ್ಳುವುದು ಒಳ್ಳೆಯದು.

ದೂರು, ದಂಡ, ಪರಿಹಾರ

ಕಾಯ್ದೆ ಪೂರ್ಣ ಜಾರಿಯಾದ ಮೇಲೆ ದೂರು ಇರುವವರು ಮೊದಲು ಆ ಸಂಸ್ಥೆಯ ಕುಂದುಕೊರತೆ ವಿಭಾಗಕ್ಕೇ ಹೋಗಬೇಕು. ಉತ್ತರಿಸಲು ಸಂಸ್ಥೆಗೆ ಗರಿಷ್ಠ 90 ದಿನಗಳ ಅವಕಾಶವಿದೆ. ಅಲ್ಲಿ ಪರಿಹಾರ ಸಿಗದಿದ್ದರೆ ಭಾರತೀಯ ದತ್ತಾಂಶ ರಕ್ಷಣಾ ಮಂಡಳಿಗೆ ದೂರು ಕೊಡಬಹುದು. ಮಂಡಳಿ ಡಿಜಿಟಲ್ ಕಚೇರಿಯಾಗಿ ಕೆಲಸ ಮಾಡಬೇಕೆಂದು ಕಾಯ್ದೆ ಹೇಳುವುದರಿಂದ, ಕೆ.ಆರ್. ಪುರದ ದೂರುದಾರರು ದೆಹಲಿಗೆ ಅಲೆಯಬೇಕಾಗಬಾರದು. ಸಮ್ಮತಿಯ ನಿಯಮ ಮೀರಿದರೆ 50 ಕೋಟಿ ರೂಪಾಯಿವರೆಗೆ, ದತ್ತಾಂಶ ಸೋರದಂತೆ ಕಾಪಾಡುವಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಆದರೆ ಆ ದಂಡದಲ್ಲಿ ತೊಂದರೆಗೊಳಗಾದವರಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಕಾಯ್ದೆಯ 34ನೆಯ ಕಲಂ ಪ್ರಕಾರ ಪೂರ್ತಿ ಮೊತ್ತ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಸೂಕ್ಷ್ಮ ದತ್ತಾಂಶದ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ ಕಂಪನಿಯಿಂದ ಪರಿಹಾರ ಕೇಳಲು ಅವಕಾಶವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಅನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಇದು ಈ ಕಾಯ್ದೆಯ ದೊಡ್ಡ ಕೊರತೆ. ವಿಳಾಸ ಸೋರಿದ್ದರಿಂದ ವರ್ಷಗಟ್ಟಲೆ ಕಾಟ ಅನುಭವಿಸಿದವರನ್ನು ಅದು ಬರೀ ದೂರುದಾರರನ್ನಾಗಿ ನಿಲ್ಲಿಸಿಬಿಡುತ್ತದೆ. ಅಂಥವರಿಗೆ ಉಳಿಯುವ ಬಾಗಿಲು 2019ರ ಗ್ರಾಹಕ ರಕ್ಷಣಾ ಕಾಯ್ದೆಯದು: ಸರಕು ಅಥವಾ ಸೇವೆ ಕೊಂಡವರು, ತಾವು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ವ್ಯಾಪಾರಿ ಕಾನೂನಿಗೆ ಹೊರತಾಗಿ ಮತ್ತೊಬ್ಬರಿಗೆ ಬಹಿರಂಗಪಡಿಸಿದ್ದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ತೋರಿಸಿ, ಜಿಲ್ಲಾ ಗ್ರಾಹಕ ಆಯೋಗದಲ್ಲಿ ಪರಿಹಾರ ಕೋರಬಹುದು. ಖರೀದಿಯ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ವಕೀಲರಿಲ್ಲದೆ ತಾವೇ ವಾದಿಸಬಹುದು. ಅದಕ್ಕೆ ಬೇಕಾಗುವುದು ಅಂಗಡಿಯ ಬಿಲ್ಲು, ಬಂದ ಮೇಲ್‌ಗಳ ಪ್ರತಿ, ಮತ್ತು ಬೇಡವೆಂದು ತಿಳಿಸಿದ ದಿನಾಂಕದ ದಾಖಲೆ.